ಕಿಟಕಿ ಮುಖದ ಹೆಂಗಸು

ಹೋದ ವಾರ ನಮ್ಮ ಪಡಸಾಲೆಯಲ್ಲಿ ಒಂದು ಚಿತ್ರ ಎರಡು ದಿನ ಗೋಡೆಗೆ ಮುಖ ಮಾಡಿ ನಿಂತಿತ್ತು. ತಪ್ಪು ಮಾಡಿದ ಹುಡುಗಿಯನ್ನು ಮೇಷ್ಟ್ರು ಮೂಲೆಗೆ ನಿಲ್ಲಿಸಿದ ಹಾಗೆ.

ಹಾಗೆ ತಿರುಗಿಸಿ ಇಟ್ಟವರು ಯಾರು?

ನಾನೇ.

ಬರೆದವಳು ಯಾರು? ನನ್ನ ಹಿರಿಯ ಮೊಮ್ಮಗಳು ಯಶೋದಾ. ಮನೆಯವರ ಬಾಯಲ್ಲಿ ಯಶು.

ಚಿತ್ರದಲ್ಲಿ ಇದ್ದವರು ಯಾರು? ಜಗಳ ಶುರುವಾಗಿದ್ದೇ ಅಲ್ಲಿಂದ.

ಈ ಅಂಕಣವನ್ನು ನಾನು ಬರೆಯುವುದು ನನ್ನ ನಾಲ್ಕು ಮೊಮ್ಮಕ್ಕಳಿಗಾಗಿ ಎಂದು ನಿಮಗೆಲ್ಲ ಗೊತ್ತು. ಅವರು ಓದುವಾಗ ನೀವು ಹೆಗಲ ಮೇಲಿಂದ ಇಣುಕುತ್ತೀರಿ. (ಇಣುಕಿ, ಪರವಾಗಿಲ್ಲ.) ಎದುರಿಗೆ ನಾಲ್ಕು ಜನ ಕುಳಿತಿದ್ದರೆ ನನಗೆ ಬಾಯಿ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಉತ್ತರ ಗೊತ್ತಿದ್ದಾಗಲೂ ಕೈ ಎತ್ತಿದವಳಲ್ಲ. ಗೊತ್ತಿದ್ದಾಗಲೇ ಮುಂದಿನ ಹುಡುಗಿಯ ಜಡೆಯ ಹಿಂದೆ ಇನ್ನಷ್ಟು ಬಗ್ಗುತ್ತಿದ್ದೆ. ಪೆನ್ನು ಹಿಡಿದರೆ ಮಾತ್ರ ಧೈರ್ಯ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲವಲ್ಲ!

ಅಂಥವಳು ಹೋದ ವಾರ ಬಾಯಿ ಬಿಡಬೇಕಾಯಿತು. ಅದೂ ಹತ್ತು ಜನರ ಮುಂದೆ.

ಯಶು ಹುಣಸೂರಿನಲ್ಲಿ ಸೆಕೆಂಡ್ ಪಿಯುಸಿ ಮುಗಿಸಿದಳು. ಮೈಸೂರಿನಲ್ಲಿ ಚಿತ್ರಕಲೆ ಕಲಿಸುವ ಒಂದು ಕಾಲೇಜಿಗೆ ಅರ್ಜಿ ಹಾಕಿದಳು. ಅಲ್ಲಿಂದ ಕಾಗದ ಬಂತು: ಇಂಟರ್‌ವ್ಯೂಗೆ ಬರುವಾಗ ಸ್ವಂತ ಕೈಯಲ್ಲಿ ಬರೆದ ಒಂದು ದೊಡ್ಡ ಚಿತ್ರ ತರಬೇಕು, ಅದರ ಬಗ್ಗೆ ಕೇಳಿದ್ದಕ್ಕೆ ಉತ್ತರ ಹೇಳಬೇಕು. ಸರಿ, ಹುಡುಗಿ ಗೊಬ್ಬರದ ಮೂಟೆ ಇಡುವ ಕೋಣೆಯನ್ನು ಗುಡಿಸಿ, ಬಾಗಿಲು ಹಾಕಿಕೊಂಡು ಎರಡು ತಿಂಗಳು ಕುಳಿತಳು. ಊಟಕ್ಕೆ ಕರೆದರೆ ಬರುವಳು, ಉಣ್ಣುವಳು, ಹೋಗುವಳು. "ಏನ್ ಬರಿತಿದ್ದೀಯೆ?" ಎಂದರೆ ಮುಗುಳ್ನಗೆ.

ಭಾನುವಾರ ಬೆಳಿಗ್ಗೆ ಚಿತ್ರ ಹೊರಗೆ ಬಂತು. ಅಗಲ ಒಂದು ಬಾಗಿಲಿನಷ್ಟು, ಎತ್ತರ ನನ್ನ ಭುಜದಷ್ಟು.

ಹೇಗೆ ಹೇಳಲಿ? ನೀರಿನ ಮೇಲೆ ಒಂದು ಬ್ಯಾರನ್ ನಿಂತಿದೆ. (ನಮ್ಮ ಪಿರಿಯಾಪಟ್ಟಣ, ಹುಣಸೂರು ಕಡೆಯವರಿಗೆ ಹೇಳಬೇಕಿಲ್ಲ. ಬೇರೆಯವರಿಗೆ: ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಸಾಲಾಗಿ ನೇತುಹಾಕಿ, ಕೆಳಗಿನಿಂದ ಕಾವು ಕೊಟ್ಟು ಹದ ಮಾಡುವ ಎತ್ತರದ ಕಟ್ಟಡ. ಆ ಬೆಳೆ ಒಳ್ಳೆಯದೋ ಕೆಟ್ಟದೋ ಎಂಬ ವಾದ ಈಗ ಬೇಡ, ನನ್ನ ಸಂಸಾರ ನಡೆದಿದ್ದು ಅದರಲ್ಲೇ.) ಆ ಬ್ಯಾರನ್ನಿನ ಎದುರುಗೋಡೆ ಇಲ್ಲ. ಹಲಸಿನ ಹಣ್ಣನ್ನು ಹೋಳು ಮಾಡಿದ ಹಾಗೆ ಒಳಗಿನದೆಲ್ಲ ಕಾಣುತ್ತದೆ. ಒಳಗೆ ಸ್ಟೂಲಿನ ಮೇಲೆ ಒಬ್ಬ ಹೆಂಗಸು ನೆಟ್ಟಗೆ ಕುಳಿತಿದ್ದಾಳೆ. ನೀಲಿ ಸೀರೆ, ಸಾಸಿವೆ ಬಣ್ಣದ ಅಂಚು. ಅವಳ ತಲೆಯ ಮೇಲೆ ಸಾಲುಸಾಲಾಗಿ ಕಡ್ಡಿಗಳು. ಕಡ್ಡಿಗಳಿಂದ ನೇತಾಡುತ್ತಿರುವುದು ಸೊಪ್ಪಲ್ಲ.

ನಾಲಿಗೆಗಳು.

ಜೋಡಿ ಜೋಡಿಯಾಗಿ, ದಾರದಲ್ಲಿ ಕಟ್ಟಿದ ನಾಲಿಗೆಗಳು!

ಇನ್ನು ಆ ಹೆಂಗಸಿಗೆ ಮುಖವೇ ಇಲ್ಲ. ಮುಖ ಇರಬೇಕಾದ ಕಡೆ ಒಂದು ಚೌಕದ ಗಾಜಿನ ಕಿಟಕಿ. ಬ್ಯಾರನ್ನಿನ ಗೋಡೆಯಲ್ಲಿ ಇರುತ್ತದಲ್ಲ, ಒಳಗಿನ ಥರ್ಮಾಮೀಟರನ್ನು ಹೊರಗೆ ನಿಂತು ನೋಡಲು, ಅದೇ ಕಿಟಕಿ. ಅದರೊಳಗೆ ಥರ್ಮಾಮೀಟರೂ ತೂಗುತ್ತಿದೆ.

ಆ ದಿನವೇ ನನ್ನ ನಾದಿನಿ ಪುಟ್ಟತಾಯಮ್ಮ ನಾಲ್ಕು ದಿನ ಇದ್ದು ಹೋಗಲು ಬಂದಿದ್ದಳು. ಕೆ.ಆರ್. ನಗರದ ಆಚೆ ಹೊಸ ಅಗ್ರಹಾರದವಳು. ಅವಳು ನನಗೆ ಪೂರ್ತಿ ಉಲ್ಟಾ. ಬಸ್ಸಿನಲ್ಲಿ ಪಕ್ಕ ಕುಳಿತವರ ಮನೆ ವಿಷಯವನ್ನೆಲ್ಲ ಇಳಿಯುವಷ್ಟರಲ್ಲಿ ತಿಳಿದುಕೊಂಡಿರುತ್ತಾಳೆ. ಚಿತ್ರ ನೋಡಿದ್ದೇ ಎದೆಗೆ ಕೈ ಇಟ್ಟುಕೊಂಡಳು.

"ಅಯ್ಯಯ್ಯೋ! ಇದ್ಯಾವ ದೆವ್ವನವ್ವ ಮನೆ ಒಳಕ್ಕೆ ತಂದು ಮಡಗಿದ್ದೀ! ನಾಲ್ಗೆ ಕಣೋ ಮಾದೇವ, ನಾಲ್ಗೆ! ಸೊಪ್ಪು ಕಟ್ದಂಗೆ ಕಟ್ಟವ್ಳೆ!"

ಮಾದೇವ ಎಂದರೆ ನನ್ನ ಮಗ ಮಹದೇವ, ಯಶುವಿನ ಅಪ್ಪ. ಅವನ ತಲೆಯಲ್ಲಿ ಆ ವಾರದ ಸೊಪ್ಪು ಕೊಯ್ಲು, ಆಳು, ಸೌದೆ, ಮೊದಲ ಬ್ಯಾರನ್ ತುಂಬುವ ಚಿಂತೆ. ಮಗಳ ಕಡೆ ತಿರುಗಿದ.

"ಒಂದು ಮರ ಬರಿ. ಒಂದು ಅಸ-ಕರ ಬರಿ. ಬ್ಯಾಡ ಅಂದೋರ್ ಯಾರು? ಇದೇನವ್ವ ಇದು?"

"ಸರ್ರಿಯಲಿಸಂ ಅಪ್ಪ," ಎಂದಳು ಯಶು, ನೆಲ ನೋಡುತ್ತ.

"ಅಂದ್ರೆ?"

"ಕನಸಲ್ಲಿ ಬರುತ್ತಲ್ಲ, ಹಾಗೆ. ವಸ್ತುಗಳೆಲ್ಲ ನಮಗೆ ಗೊತ್ತಿರೋವೇ. ಆದ್ರೆ ಇರಬಾರದ ಜಾಗದಲ್ಲಿ ಇರ್ತವೆ."

"ಅರ್ಥ ಏನು ಅಂತ ಯೋಳು."

ಹುಡುಗಿ ಬಾಯಿ ತೆರೆದಳು, ಮುಚ್ಚಿದಳು. ಅಷ್ಟೇ.

ಪುಟ್ಟತಾಯಮ್ಮ ಸುಮ್ಮನಿರುತ್ತಾಳೆಯೇ? ಚಿತ್ರದ ಹತ್ತಿರ ಹೋಗಿ ಸೀರೆಯ ಅಂಚನ್ನು ಬೆರಳಲ್ಲಿ ತೋರಿಸಿದಳು. "ಅತ್ಗೆ, ಇದು ನೀನೇ ಕಣೆ! ನಮ್ಮಣ್ಣ ಹ್ಯಾಂಡ್‌ಪೋಸ್ಟಲ್ಲಿ ಕೊಡ್ಸಿದ್ದಲ್ವಾ ಈ ಸೀರೆ? ನಿನ್ ಮೊಕ ಕಿತ್ತಾಕಿ ಕಿಟಕಿ ಮಡಗವ್ಳೆ ನಿನ್ ಮೊಮ್ಮಗ್ಳು. ನಾಲ್ಗೆ ಎಲ್ಲಾ ನೇತಾಕ್ಬುಟ್ಟು ಮೂಕಿ ಥರ ಕುಂತವ್ಳೆ ನಮ್ಮಜ್ಜಿ ಅಂತ ಆಡ್ಕಂಡವ್ಳೆ, ನೋಡು!"

ಎಲ್ಲರೂ ನಕ್ಕರು. ನಾನೂ ನಕ್ಕೆ. (ನಗುವುದು ಸುಲಭ. ಮಾತಾಡಬೇಕಿಲ್ಲ.)

ಸೀರೆ ನನ್ನದೇ. ಎಚ್.ಡಿ. ಕೋಟೆ ಕಡೆಯ ನನ್ನ ತವರಿಗೆ ಹೋಗಿ ಬರುವಾಗ ನಿಮ್ಮ ತಾತ ಬಸ್ಸು ತಪ್ಪಿಸಿಕೊಂಡು, ಕಾಯುವ ಹೊತ್ತಿನಲ್ಲಿ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯ ಅಂಗಡಿಯಲ್ಲಿ ಕೊಡಿಸಿದ್ದು. ಅವರು ಹೋದ ಮೇಲೂ ನಾನು ಉಡುವ ಸೀರೆ. ಅದನ್ನು ಉಟ್ಟು, ಮುಖವಿಲ್ಲದೆ, ನೇತುಬಿಟ್ಟ ನಾಲಿಗೆಗಳ ಕೆಳಗೆ ನಾನು ಕುಳಿತಿದ್ದೇನೆ! ಎತ್ತಿ ಆಡಿಸಿದ ಮೊಮ್ಮಗಳಿಗೆ ನಾನು ಕಂಡಿದ್ದು ಹೀಗೇ?

ಮಹದೇವ ಮಾತು ಮುಗಿಸಿದ. "ಈ ಮನೇಲಿ ಒಬ್ರು, ಒಬ್ರೇ ಒಬ್ರು, ಇದ್ರಲ್ಲಿ ಏನದೆ ಅಂತ ನಂಗೆ ಅರ್ಥ ಆಗಂಗೆ ಯೋಳ್ಬುಡ್ಲಿ. ನಾನೇ ಗಾಡಿ ಮಾಡ್ಕಂಡು ಮೈಸೂರ್ಗೆ ಕರ್ಕಂಡೋಯ್ತೀನಿ. ಇಲ್ದಿದ್ರೆ ಬುಟ್ಬುಡಿ, ಸುಮ್ನೆ ಬಿಎಸ್ಸಿ ಸೇರ್ಲಿ."

ಯಾರೂ ಹೇಳಲಿಲ್ಲ. ಇಂಟರ್‌ವ್ಯೂ ಇದ್ದಿದ್ದು ಮುಂದಿನ ವಾರದ ಮಂಗಳವಾರ.

ಸಂಜೆ ಎಲ್ಲರೂ ಅತ್ತಿತ್ತ ಹೋದ ಮೇಲೆ ನಾನು ಚಿತ್ರವನ್ನು ಗೋಡೆಗೆ ತಿರುಗಿಸಿ ಇಟ್ಟೆ. ಕೋಣೆಯ ಬಾಗಿಲಲ್ಲಿ ನಿಂತು ಯಶು ನೋಡಿದಳು. ಅವಳು ಒಂದು ಮಾತು ಆಡಲಿಲ್ಲ. ನಾನೂ ಆಡಲಿಲ್ಲ. ಸೋಮವಾರ ಪೂರ್ತಿ ಹಾಗೇ ಕಳೆಯಿತು. ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ಉಂಡು!

ಮಂಗಳವಾರ ಬೆಳಿಗ್ಗೆ ಸೊಸೆ ಶೋಭಾ ಕಸ ಗುಡಿಸುತ್ತ ಚಿತ್ರದ ಹತ್ತಿರ ನಿಂತಳು. ಯಶುವಿನ ತಾಯಿ. ಹೆಚ್ಚು ಮಾತಿನವಳಲ್ಲ, ಆಡಿದರೆ ತೂಕದ ಮಾತು.

"ಅತ್ತೆ, ಎಲ್ರೂ ನಿಂತ್ಕಂಡು ನೋಡಿದ್ರು. ಕುಂತ್ಕಂಡು ಯಾರೂ ನೋಡ್ನಿಲ್ಲ. ನೀವು ಒಂದು ಸೊಪ್ಪು ಕೈಗ್ ತಗಂಡ್ರೆ ಎಷ್ಟೊತ್ತು ನೋಡ್ತೀರಿ! ಇದೂ ಅಷ್ಟಾದ್ರೂ ಅಲ್ವಾ?"

ಚುಚ್ಚಿತು. ನಿಜವಾದ ಮಾತಿಗೆ ಬೇರೆ ಸೂಜಿ ಬೇಕೇ?

ಹದವಾದ ಸೊಪ್ಪನ್ನು ವಿಂಗಡಿಸುವುದರಲ್ಲಿ ನನ್ನ ಕೈಗೆ ಹೆಸರಿದೆ. ಇದೊಂದನ್ನು ನಾಚಿಕೆ ಬಿಟ್ಟು ಹೇಳಿಕೊಳ್ಳುತ್ತೇನೆ. ಕಲಿಸಿದ್ದು ನನ್ನ ಅತ್ತೆ. ಹೊಸತಾಗಿ ಬಂದಾಗ ನಾನು ಸೊಪ್ಪು ಕೈಗೆ ಬಂದ ಕೂಡಲೇ ಬಣ್ಣ ನೋಡಿ ಗುಂಪಿಗೆ ಎಸೆಯುತ್ತಿದ್ದೆ. ಅತ್ತೆ ಕೈ ಹಿಡಿದು ನಿಲ್ಲಿಸಿದರು. "ಬಿಸ್ಲಲ್ಲಿ ನೋಡ್ಬ್ಯಾಡ ಕಣೆ, ಬಿಸ್ಲು ಎಲ್ಲಾನೂ ಚೆನ್ನಾಗ್ ತೋರುಸ್ತದೆ. ನೆರಳಲ್ಲಿ ಕುಂತ್ಕ. ಮೊದ್ಲು ಅಂಚು ನೋಡು. ಆಮೇಲ್ ತುದಿ. ಆಮೇಲ್ ನಡುದಿಂಡು. ಬಣ್ಣ ಕೊನೇಗೆ. ಅದು ಮೊದ್ಲೇ ಕಣ್ಣಿಗ್ ಬೀಳ್ತದೆ, ಅದ್ಕೇ ಅದ ಕೊನೇಗ್ ನೋಡು."

ನಾವೆಲ್ಲ ಭಾನುವಾರ ಮಾಡಿದ್ದೇನು? ಕಣ್ಣಿಗೆ ಮೊದಲು ಬಿದ್ದ ನಾಲಿಗೆಗಳನ್ನು ನೋಡಿದೆವು. ಕೂಗಿದೆವು. ಮುಗಿಯಿತು.

ಹಾಗಾದರೆ ಅಂಚಿನಿಂದ ಶುರು ಮಾಡೋಣ ಎಂದುಕೊಂಡೆ. ಶೋಭಾ ಒಂದು ಕಡೆ, ನಾನೊಂದು ಕಡೆ ಹಿಡಿದು ಚಿತ್ರವನ್ನು ಸೊಪ್ಪು ಕಟ್ಟುವ ಶೆಡ್ಡಿಗೆ ಸಾಗಿಸಿದೆವು. ಅಲ್ಲಿ ನೆರಳಿದೆ, ತೆಳುವಾದ ಒಳ್ಳೆಯ ಬೆಳಕಿದೆ. ಕಂಬಕ್ಕೆ ಒರಗಿಸಿ, ಮಣೆ ಎಳೆದುಕೊಂಡು, ಕನ್ನಡಕ ಒರೆಸಿಕೊಂಡು ಕುಳಿತೆ. ಆಚೆ ಕಡೆ ಕೂಲಿಗೆ ಬರುವ ಕೆಂಪಮ್ಮ ಮತ್ತು ಅವಳ ಜೊತೆಯ ಹೆಂಗಸರು ಬೆಳಿಗ್ಗೆ ಮುರಿದು ತಂದ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು.

ಕೆಳಗಿನ ಅಂಚು: ನೀರು. ಭಾನುವಾರ ನಾನು ಕಂಡಿರದ ಒಂದು ಸಂಗತಿ. ಬ್ಯಾರನ್ನಿನ ಹೊಗೆ ಮೇಲಕ್ಕೆ ಹೋಗುತ್ತಿಲ್ಲ. ಕೊಳವೆಯಿಂದ ಹೊರಟು, ಗೋಡೆಯನ್ನು ಸವರಿಕೊಂಡು ಕೆಳಗಿಳಿದು, ನೀರಿಗೆ ಸೇರಿ, ಅಲ್ಲಿ ಬೂದುಬಣ್ಣದ ಮೀನುಗಳಾಗಿ ಈಜುತ್ತಿದೆ. ಯಾಕೆ? ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ನೋಡಲು ಹಿತವಾಗಿತ್ತು. ಎಲ್ಲಕ್ಕೂ ಅರ್ಥ ಸಿಕ್ಕಲೇಬೇಕೆಂದು ಇದೆಯೇ?

ಬಲಗಡೆಯ ಅಂಚು: ಬಾಗಿಲು. ಬಾಗಿಲಿಗೆ ಚಿಲಕ.

ತುದಿ: ಮೇಲಿನ ಸಾಲು. ಅಲ್ಲಿ ಒಂದು ಕಡ್ಡಿ ಖಾಲಿ. ದಾರ ಮಾತ್ರ ತೂಗುತ್ತಿದೆ.

ನಡುದಿಂಡು: ಹೆಂಗಸಿನ ಬೆನ್ನು. ಸೋತು ಕುಳಿತವಳ ಬೆನ್ನಲ್ಲ ಅದು. ನೆಟ್ಟಗಿದೆ. ಕೈಗಳು ಮಡಿಲಲ್ಲಿ. ಬಲಗೈ ತೋರುಬೆರಳಿನ ಉಗುರಿನಲ್ಲಿ ಒಂಚೂರು ನೀಲಿ. ಸೀರೆಗೆ ಬಣ್ಣ ಹಾಕುವಾಗ ಕುಂಚ ಜಾರಿರಬೇಕು ಎಂದುಕೊಂಡು ಮುಂದೆ ಹೋದೆ.

ಕೊನೆಗೆ ಬಣ್ಣ. ಕೆಳಗಿನ ಸಾಲಿನ ನಾಲಿಗೆಗಳಲ್ಲಿ ಹಸಿರು ಛಾಯೆ, ಮೇಲಕ್ಕೆ ಹೋದಂತೆ ಹಳದಿ. ಆಮೇಲೆ ಕಿಟಕಿ, ಅದರೊಳಗಿನ ಥರ್ಮಾಮೀಟರು. ಮೂಗು ತಾಗುವಷ್ಟು ಹತ್ತಿರ ಹೋಗಿ ಓದಿದೆ.

ಓದಿ, ಹಾಗೇ ಕುಳಿತುಬಿಟ್ಟೆ.

ಅಷ್ಟರಲ್ಲಿ ಕೆಂಪಮ್ಮ ದಾರ ಹಲ್ಲಲ್ಲಿ ಕಚ್ಚಿಕೊಂಡೇ ಬಂದಳು. "ಏನವ್ವೋ, ಅಷ್ಟೊತ್ತಿಂದ ನೋಡ್ತಾ ಕುಂತಿದ್ದೀರಿ, ಟೀವಿನಾ?" ಎಂದು ಬಗ್ಗಿದಳು. ನಾಲಿಗೆ ನೋಡಿ ಅವಳು ಬೆಚ್ಚಲಿಲ್ಲ. "ಅಯ್, ಬ್ಯಾರನ್ ಒಳಗಡೆ ಚಿಲ್ಕ ಮಡಗವ್ಳಲ್ಲ! ಒಳಗಡೆ ಕುಂತ್ಕಂಡು ಬೇಯೋರ್ ಯಾರವ್ವ?" ಎಂದು ನಕ್ಕಳು. ಜೊತೆಯವರೂ ನಕ್ಕರು.

ನಾನು ಮತ್ತೆ ನೋಡಿದೆ. ಹೌದು. ಚಿಲಕ ಇರುವುದು ಒಳಗೆ!

ಎಲ್ಲ ಬ್ಯಾರನ್ನಿಗೂ ಚಿಲಕ ಹೊರಗೇ ಇರುವುದು. ಒಳಗೆ ಬೇಕಾದರೂ ಯಾಕೆ? ಸೊಪ್ಪು ಬಾಗಿಲು ಹಾಕಿಕೊಳ್ಳುತ್ತದೆಯೇ? ಹುಟ್ಟಿದಾಗಿನಿಂದ ಬ್ಯಾರನ್ ನೋಡುತ್ತ ಬೆಳೆದ ಹುಡುಗಿ ಇದನ್ನು ತಪ್ಪುವಳೇ?

ಶೋಭಾಗೆ ಹೇಳಿದೆ: "ಮಾದೇವನ್ನ ಕರಿ. ಯಶೂನೂ ಕರಿ."

ಮಹದೇವ ಬಂದ. ಅವನ ಹಿಂದೆ, ಕರೆಯದಿದ್ದರೂ, ಪುಟ್ಟತಾಯಮ್ಮ ಬಂದಳು. ಯಶು ಬಂದು ಕಂಬದ ಆಚೆ ನಿಂತಳು. ಸೊಪ್ಪು ಕಟ್ಟುವ ಹೆಂಗಸರ ಕೈ ನಿಂತಿತು. ಹತ್ತು ಜನ. ಇಪ್ಪತ್ತು ಕಣ್ಣು. ಏನೂ ಇಲ್ಲ ಹೋಗಪ್ಪ ಎಂದು ಕಳಿಸಿಬಿಡಲೇ ಅನ್ನಿಸಿದ್ದೂ ನಿಜ. ಆದರೆ ಕಂಬದ ಆಚೆ ನಿಂತವಳ ಮುಖ ಕಂಡಿತು.

"ಆ ಥರ್ಮಾಮೀಟ್ರು ಎಷ್ಟದೆ ಓದಪ್ಪ," ಎಂದೆ.

"ಏನವ್ವ, ಕೆಲ್ಸ ಅದೆ ನಂಗೆ."

"ಓದು ಅಂದೆ."

ಅವನು ನನ್ನನ್ನೇ ನೋಡಿದ. ಈ ಧ್ವನಿಯನ್ನು ಅವನು ಕೇಳಿರಲಿಲ್ಲ. (ನಾನೂ ಕೇಳಿರಲಿಲ್ಲ.) ಬಗ್ಗಿ ನೋಡಿದ. ಅವನು ಬ್ಯಾರನ್ ಕಾಯುವವನು. ಥರ್ಮಾಮೀಟರ್ ಕಂಡರೆ ಓದದೆ ಇರಲು ಆಗುವುದಿಲ್ಲ.

"ನೂರು." (ಫ್ಯಾರನ್‌ಹೀಟ್ ಲೆಕ್ಕ, ಮೈಗೆ ಜ್ವರ ಬಂದಷ್ಟು ಕಾವು.)

"ನೂರ್ರಲ್ಲಿ ಸೊಪ್ಪು ಏನಾಗಿರ್ತದೆ?"

"ಅಣ್ಣಾಯ್ತಾ ಇರ್ತದೆ. ಅಳ್ದಿಗೆ ತಿರುಗ್ತಾ ಇರ್ತದೆ."

"ಸತ್ತಿರ್ತದಾ?"

"ಎಲ್ ಸಾಯ್ತದೆ? ಇನ್ನೂ ಉಸ್ರಾಡ್ತಾ ಇರ್ತದೆ. ಆಮೇಲ್ ಕಾವು ಏರ್ಸುದ್ಮೇಲೆ ಅಲ್ವಾ ಒಣಗೋದು."

"ಆ ಒತ್ನಲ್ಲಿ ಆತುರ ಬಿದ್ದು ಕಾವು ಏರ್ಸುಬುಟ್ರೆ?"

"ಅಸ್ರು ಅಂಗೇ ಕಟ್ಕತದೆ. ಆಮೇಲ್ ಏನ್ ಮಾಡುದ್ರೂ ಅಳ್ದಿ ಬರಕಿಲ್ಲ. ಆ ಸೊಪ್ಪು ಓಯ್ತು ಅಂತ್ಲೇ."

"ಮತ್ತೆ ಈ ನಾಲ್ಗೆಗೊಳ್ನ ಇನ್ನೊಂದಪ ನೋಡು. ಕೆಳಗಡೆ ಅಸ್ರು, ಮೇಲಕ್ಕೆ ಅಳ್ದಿ. ಯಾವ್ದೂ ಸತ್ತಿಲ್ಲ ಕಣಪ್ಪ. ಆಡ್ದೆ ಇರೋ ಮಾತು ಇವು. ಅಣ್ಣಾಯ್ತಾ ಅವೆ. ನಾವೆಲ್ಲ ಸೇರ್ಕಂಡು ಅರ್ಥ ಏನು, ಈಗ್ಲೇ ಯೋಳು ಅಂತ ಕಾವು ಏರ್ಸುದ್ರೆ ಅವೂ ಅಸ್ರು ಕಟ್ಕತವೆ."

ಪುಟ್ಟತಾಯಮ್ಮನ ಬಾಯಿ ತೆರೆದೇ ಇತ್ತು.

ಮಹದೇವ ಮಣಿಯಲಿಲ್ಲ. ಚಿತ್ರವನ್ನೇ ನೋಡುತ್ತಿದ್ದವನು ತಪ್ಪು ಸಿಕ್ಕಿದ ಖುಷಿಯಲ್ಲಿ ಬೆರಳಿಟ್ಟ. "ಸರಿ ಬುಡು. ಇದೇನು? ಒಳಗಡೆ ಚಿಲ್ಕ? ಬ್ಯಾರನ್ ಮನೇಲೇ ಉಟ್ಟಿ ಇಂಗ್ ತಪ್ ಬರ್ದವ್ಳಲ್ಲ!"

"ತಪ್ಪಲ್ಲ," ಎಂದೆ. "ಚಿಲ್ಕ ಒರಗಡೆ ಇದ್ದಿದ್ರೆ ಯಾರೋ ಕೂಡಾಕವ್ರೆ ಅಂತಾಯ್ತಿತ್ತು. ಒಳಗಡೆ ಅದೆ. ಅಂದ್ರೆ ಅವ್ಳೇ ಆಕ್ಕಂಡವ್ಳೆ. ನಿಮ್ಮಪ್ಪ ನಂಗೆ ಮಾತಾಡ್ಬ್ಯಾಡ ಅಂತ ಯಾವತ್ತಾದ್ರೂ ಅಂದಿದ್ರಾ? ನಮ್ಮತ್ತೆ ಅಂದಿದ್ರಾ? ನೀನು ಅಂದಿದ್ದೀಯಾ? ಯಾರೂ ಇಲ್ಲ. ನಾನೇ ಆಕ್ಕಂಡೆ ಕಣಪ್ಪ, ಇಷ್ಟ್ ವರ್ಸ. ಇದ ಈ ಉಡುಗಿ ಕಂಡಿಡ್ದು ಬರ್ದವ್ಳೆ. ಆಡ್ಕಂಡಿಲ್ಲ. ತೋರ್ಸವ್ಳೆ, ಅಷ್ಟೇಯ. ಒಳಗಿಂದ ಆಕಿದ್ನ ಒಳಗಿಂದ್ಲೇ ತಗೀಬೋದಲ್ವಾ? ಇದೇ ಕಣಪ್ಪ ಅರ್ಥ. ನಂಗೆ ಕಂಡಿದ್ದು. ನೀನು ಮಾತ್ ಕೊಟ್ಟಿದ್ದೀಯ, ಕರ್ಕಂಡೋಗು."

ಇಷ್ಟು ಮಾತನ್ನು ನಾನು ಒಟ್ಟಿಗೆ ಆಡಿದ್ದು ಯಾವಾಗ ಎಂದು ನೀವು ಕೇಳಿದರೆ ನನಗೂ ನೆನಪಿಲ್ಲ. ಮತ್ತೆ ಮಣೆಯ ಮೇಲೆ ಕುಳಿತೆ.

ಮೊದಲು ಬಾಯಿ ಬಂದಿದ್ದು ಪುಟ್ಟತಾಯಮ್ಮನಿಗೆ. "ಅತ್ಗೆ, ನಿಂಗ್ ಇಷ್ಟೊಂದ್ ಮಾತ್ ಬತ್ತದೆ ಅಂತ ಗೊತ್ತಿದ್ರೆ ನಾನು ಇಷ್ಟ್ ವರ್ಸ ಒಬ್ಳೇ ಆಡಿ ಸುಸ್ತಾಯ್ತಿರ್ನಿಲ್ಲ ಕಣೆ!"

ಮಹದೇವ ಕತ್ತು ಕೆರೆದುಕೊಂಡ. ಮಗಳ ಕಡೆ ನೋಡದೆ ಕೇಳಿದ: "ಮುಂದಿನ್ ಮಂಗ್ಳಾರ ಎಷ್ಟ್ ಗಂಟೆಗಂತೆ?"

ಮಕ್ಕಳೇ, ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಎಲ್ಲರೂ ಹೋದ ಮೇಲೆ ನಾನು ಯಶುವನ್ನು ಹತ್ತಿರ ಕರೆದು, "ಥರ್ಮಾಮೀಟ್ರು ನೂರಕ್ಕೆ ನಿಲ್ಸಿದ್ದು ಬೇಕಂತ್ಲೇ ತಾನೆ?" ಎಂದು ಹೆಮ್ಮೆಯಿಂದ ಕೇಳಿದೆ.

"ಇಲ್ಲ ಅಜ್ಜಿ. ಅಲ್ಲಿಗೆ ಕೆಂಪು ಬಣ್ಣ ಖಾಲಿ ಆಯ್ತು."

ನೋಡಿದಿರಾ! ನಾನು ಹತ್ತು ಜನರ ಮುಂದೆ ಅಷ್ಟು ದೊಡ್ಡ ಅರ್ಥ ಕಟ್ಟಿದ್ದು ಬಣ್ಣದ ಖಾಲಿ ಟ್ಯೂಬಿನ ಮೇಲೆ.

"ಚಿಲ್ಕ?"

"ಚಿಲ್ಕ ಬೇಕಂತಲೇ ಅಜ್ಜಿ."

ಅಬ್ಬ, ಎರಡರಲ್ಲಿ ಒಂದಾದರೂ ನಿಂತಿತು! ಆದರೆ ರಾತ್ರಿ ಊಟಕ್ಕೆ ಕೂತಾಗ ಯೋಚಿಸಿದೆ: ಬಣ್ಣ ಖಾಲಿಯಾಗಿದ್ದು ನಿಜ. ಹುಣಸೂರಿಗೆ ಹೋದರೆ ಇನ್ನೊಂದು ಟ್ಯೂಬ್ ಸಿಗುತ್ತಿತ್ತಲ್ಲ? ಅವಳು ತರಲಿಲ್ಲ. ಅಷ್ಟೇ ಸಾಕು ಎಂದು ಅವಳ ಕೈಗೆ ಅನ್ನಿಸಿದೆ. ಬರೆದವಳಿಗೆ ಗೊತ್ತಿಲ್ಲದ್ದು ನೋಡುವವಳಿಗೆ ಕಾಣಬಾರದು ಎಂದು ಎಲ್ಲಾದರೂ ಕಾನೂನು ಉಂಟೇ?

ಒಂದೇ ನೋಟಕ್ಕೆ ಹೆಸರು ಇಡುವುದು ನಮಗೆಲ್ಲ ರೂಢಿಯಾಗಿದೆ. ಮೊಬೈಲಿನಲ್ಲಿ ಬೆರಳು ಸರಿಸಿದ ಹಾಗೆ ಮನುಷ್ಯರನ್ನೂ ಸರಿಸುತ್ತೇವೆ. ಪಕ್ಕದ ಬೀದಿಗೆ ಬಂದ ಹೊಸ ಸೊಸೆ ಜಂಬದವಳು. (ಅವಳಿಗೆ ದೂರದ್ದು ಮಸುಕು, ಅದಕ್ಕೇ ಕಂಡು ನಗುವುದಿಲ್ಲ ಎಂದು ಆರು ತಿಂಗಳ ಮೇಲೆ ತಿಳಿಯಿತು.) ಮಾತಾಡದ ಹುಡುಗಿ ದಡ್ಡಿ. ಮಾತಾಡುವ ಹುಡುಗಿ ಬಜಾರಿ. ಬಿಸಿಲಲ್ಲಿ ಒಂದು ಸಲ ಎತ್ತಿ ನೋಡಿದೆವು, ಗುಂಪಿಗೆ ಎಸೆದೆವು. ಸೊಪ್ಪಿಗೆ ಕೊಡುವ ಹೊತ್ತನ್ನು ಮಕ್ಕಳಿಗೆ ಕೊಟ್ಟಿದ್ದೇವೆಯೇ?

ಇಂಟರ್‌ವ್ಯೂನ ಮಂಗಳವಾರ ಬಂತು. ಚಿತ್ರ ಬಸ್ಸಿಗೆ ಹಿಡಿಸುವ ಹಾಗಿರಲಿಲ್ಲ. ಮಹದೇವ ಬ್ಯಾರನ್ ಕಾಯಲು ತಮ್ಮನಂಥ ಒಬ್ಬ ನೆಂಟನನ್ನು ನಿಲ್ಲಿಸಿ, ಸೊಪ್ಪು ಸಾಗಿಸುವ ಪಿಕಪ್ಪನ್ನು ತೊಳೆದು, ಚಿತ್ರಕ್ಕೆ ಕಂಬಳಿ ಸುತ್ತಿ ಹಗ್ಗ ಬಿಗಿದ. ಮುಂದೆ ಅವನು, ನಾನು, ನಡುವೆ ಯಶು. ಅವಳು ಇಸ್ತ್ರಿ ಮಾಡಿದ ಚೂಡಿದಾರದಲ್ಲಿ ಕೈ ಹಿಸುಕಿಕೊಳ್ಳುತ್ತ ಕುಳಿತಿದ್ದಳು.

ಹುಣಸೂರಿನಲ್ಲಿ ಕಾಫಿಗೆ ನಿಲ್ಲಿಸಿದೆವು. ಕಂಬಳಿ ಜಾರಿ ಚಿತ್ರದ ಅರ್ಧ ಹೊರಗೆ ಬಂದಿತ್ತು. ಕಾಫಿ ಅಂಗಡಿಯಲ್ಲಿ ನಿಂತಿದ್ದ ಒಬ್ಬರು ಕೇಳಿದರು: "ಏನಣ್ಣ ಇದು? ದೇವ್ರ ಪಟನಾ?"

ಮಹದೇವ ಹಗ್ಗ ಬಿಗಿಯುವುದನ್ನು ಬಿಟ್ಟ. "ಅಲ್ಲ ಕಣಣ್ಣ, ಬ್ಯಾರನ್ನು. ನಮ್ ಮಗ್ಳು ಬರ್ದಿರದು. ಆ ಥರ್ಮಾಮೀಟ್ರು ನೋಡಿ, ಎಷ್ಟದೆ? ನೂರು. ಅದ್ರಲ್ಲೇ ಇರೋದು ಗುಟ್ಟು..." ಎಂದು ಶುರು ಹಚ್ಚಿಕೊಂಡ! ಕಾಫಿ ಆರಿತು. ಜನ ಸೇರಿದರು. ಚಿಲಕದ ವಿಷಯವನ್ನು ಅವನು ನನಗಿಂತ ಚೆನ್ನಾಗಿ ಹೇಳಿದ.

ಪಿಕಪ್ಪಿನ ಒಳಗೆ ನಾನೂ ಯಶುವೂ ಇಬ್ಬರೇ. ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ಅಜ್ಜಿ, ಅದು ನೀನಲ್ಲ."

"ಯಾರು?"

"ಚಿತ್ರದಲ್ಲಿರೋಳು. ಅದು ನಾನು. ನಿನ್ನ ಸೀರೆ ಉಟ್ಕೊಂಡಿರೋದು. ಉಗುರಲ್ಲಿ ಬಣ್ಣ ಇದೆ, ನೋಡ್ಲಿಲ್ವಾ?"

ಅವಳ ಕೈ ನನ್ನ ಮಡಿಲಲ್ಲಿತ್ತು. ಬಲಗೈ ತೋರುಬೆರಳ ಉಗುರಿನಲ್ಲಿ ಒಂಚೂರು ನೀಲಿ. ಎರಡು ತಿಂಗಳು ತೊಳೆದರೂ ಹೋಗದ ನೀಲಿ.

"ಕ್ಲಾಸಲ್ಲಿ ಉತ್ತರ ಗೊತ್ತಿದ್ರೂ ನಾನು ಹೇಳಲ್ಲ ಅಜ್ಜಿ. ಇವತ್ತು ಅವರೆಲ್ಲ ಸೇರಿ ಕೇಳಿದ್ರೆ ನಂಗೆ ಬಾಯಿ ಬರಲ್ಲ. ನಿನ್ ಥರಾನೇ ನಾನು."

ಕಪ್ಪು ಕಿವಿಯೋಲೆ, ನೀಳ ಕತ್ತು, ಬಗ್ಗಿದ ತಲೆ. ಹದಿನೆಂಟು ವರ್ಷ ಎದುರಿಗೇ ಇದ್ದಳು. ನಾನು ಅಂಚು, ತುದಿ, ದಿಂಡು ಎಂದು ಚಿತ್ರವನ್ನೇ ನೋಡಿದೆನೇ ಹೊರತು ಇವಳನ್ನು ನೋಡಲೇ ಇಲ್ಲ! ನಾಚಿಕೆಯಾಯಿತು. ನನ್ನ ಹಳೆಯ ನಾಚಿಕೆಯಲ್ಲ, ಬೇರೆ ಜಾತಿಯದು.

ಕಾಲೇಜಿನ ಉದ್ದನೆಯ ಪಡಸಾಲೆಯಲ್ಲಿ ಬೆಂಚು ಹಾಕಿದ್ದರು. ಮಕ್ಕಳು, ಅವರ ತಂದೆತಾಯಿ, ಗೋಡೆಗೆ ಒರಗಿಸಿದ ಚಿತ್ರಗಳು. ಇಬ್ಬರು ಬಂದು ನಮ್ಮ ಚಿತ್ರವನ್ನು ಒಳಗೆ ಹೊತ್ತುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಹೆಸರು ಕೂಗಿದರು.

ಯಶು ಎದ್ದಳು. ನನ್ನ ಸೆರಗು ಹಿಡಿದಳು. "ನೀನೂ ಬಾ ಅಜ್ಜಿ. ಶೆಡ್ಡಲ್ಲಿ ಹೇಳಿದ್ಯಲ್ಲ, ಹಾಗೆ ಹೇಳು."

ಎದ್ದುಬಿಡೋಣ ಅನ್ನಿಸಿತು. ನಿಜ ಹೇಳುತ್ತೇನೆ, ಅರ್ಧ ಎದ್ದಿದ್ದೆ. ಹೊಸದಾಗಿ ಮಾತು ಕಲಿತವಳಲ್ಲವೇ, ಹುರುಪು. ಆಮೇಲೆ ಗಟ್ಟಿಯಾಗಿ ಕುಳಿತೆ. ಸೆರಗಿನಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

"ಚಿಲ್ಕ ಮಡಗಿರೋಳು ನೀನು. ಒಳಗಡೆ ಮಡಗಿದ್ದೀಯ. ನಾನು ಒರಗಡೆ ನಿಂತ್ಕಂಡು ತಗಿಯಕಾದದಾ? ಓಗವ್ವ."

ಅವಳು ನನ್ನನ್ನೇ ನೋಡಿದಳು. ಕಣ್ಣಲ್ಲಿ ನೀರಿತ್ತು. ಸಿಟ್ಟೂ ಇತ್ತು. ತಿರುಗಿ ಹೋದಳು.

ಐದು ನಿಮಿಷವಾಯಿತು. ಹತ್ತಾಯಿತು. ಮುಂಚೆ ಹೋದವರೆಲ್ಲ ಅಷ್ಟರಲ್ಲಿ ಹೊರಗೆ ಬಂದಿದ್ದರು. ಮಹದೇವ ಬೆಂಚಿನಿಂದ ಎದ್ದ, ಕುಳಿತ, ಎದ್ದ. "ಏನವ್ವ ಇದು? ಒಳಗಡೆ ಮೂಕಿ ಥರ ನಿಂತ್ಬುಟ್ಟವ್ಳೋ ಏನೋ." ಒಳಗಿನಿಂದ ಯಾರೋ ನಕ್ಕ ಸದ್ದು ಬಂತು. ಆಮೇಲೆ ಒಂದು ಹೆಣ್ಣು ಧ್ವನಿ, ಮೊದಲು ಸಣ್ಣಗೆ, ಬರಬರುತ್ತ ಒಂದೇ ಸಮನೆ. ಮಹದೇವ ಬಾಗಿಲಿಗೆ ಕಿವಿ ಕೊಟ್ಟ. "ಅದು ನಮ್ಮೋಳ ಗಂಟ್ಲೇ ಕಣವ್ವ!" ಎಂದ, ಬೇರೆಯವರ ಮಗಳ ಸಂಗತಿ ಹೇಳುವವನ ಹಾಗೆ.

ಇಪ್ಪತ್ತು ನಿಮಿಷದ ಮೇಲೆ ಬಂದಳು. ಮುಖವೆಲ್ಲ ಬೆವರು.

"ಏನ್ ಕೇಳುದ್ರು?"

"ಅರ್ಥ ಏನು ಅಂತ ಕೇಳಿದ್ರು. ಮೊದ್ಲು ಬಾಯೇ ಬರ್ಲಿಲ್ಲ. ಆಮೇಲೆ ಹೇಳ್ದೆ. ನಮ್ಮ ಪುಟ್ಟತಾಯಜ್ಜಿಗೆ ಇದು ದೆವ್ವ. ನಮ್ಮಜ್ಜಿಗೆ ಇದು ಅಜ್ಜಿ. ನಮ್ಮಪ್ಪಂಗೆ ಇದು ಬ್ಯಾರನ್ನು. ನಂಗೆ ಇದು ನಾನು. ನಿಮಗೆ ಏನು ಕಾಣ್ಸುತ್ತೆ ಸರ್, ನೀವು ಮೊದ್ಲು ಹೇಳಿ ಅಂದೆ."

"ಅಂಗಂದ್ಯಾ? ದೊಡ್ಡೋರ್ಗೆ?" ಮಹದೇವ ಬೆಚ್ಚಿದ.

"ನಕ್ಕರು. ಆಮೇಲೆ ನಾನು ಮಾತಾಡ್ತಾನೇ ಇದ್ದೆ ಅಪ್ಪ. ಏನು ಮಾತಾಡ್ದೆ ಅಂತ ಈಗ ನೆನಪಿಲ್ಲ."

ಸೀಟು ಸಿಕ್ಕವರ ಪಟ್ಟಿ ಹಾಕಲು ಎರಡು ವಾರವಾಗುತ್ತದಂತೆ. ಬಂದಿದ್ದ ಮಕ್ಕಳು ಬಹಳ, ಇರುವ ಸೀಟು ಕಡಿಮೆ. ಚಿತ್ರವನ್ನು ಮತ್ತೆ ಪಿಕಪ್ಪಿಗೆ ಏರಿಸಿದೆವು. ಮಹದೇವ ಕಂಬಳಿ ಸುತ್ತಿ, ಹಗ್ಗದ ಗಂಟನ್ನು ಎರಡೆರಡು ಸಲ ಎಳೆದು ನೋಡಿದ. ಗಾಡಿ ಹತ್ತುವ ಮುಂಚೆ, ಕೀ ಕೈಯಲ್ಲಿ ಹಿಡಿದುಕೊಂಡು, ಮಗಳಿಗೆ ಹೇಳಿದ:

"ಸಿಕ್ದಿದ್ರೆ ಸಿಕ್ದೇ ಓಗ್ಲಿ ಬುಡು. ಮುಂದಿನ್ ವರ್ಸ ಇನ್ನೊಂದ ಬರ್ಕಂಡು ಬರಾನ."

ಅಪ್ಪನ ಬಾಯಿಂದ 'ಬರಾನ', ಅಂದರೆ ಇಬ್ಬರೂ ಬರೋಣ, ಎಂಬ ಮಾತು ಬಂದಾಯಿತು, ಇನ್ನು ಆ ಪಟ್ಟಿಗೆ ಏನು ಅವಸರ?